ಅಪ್ಪನ ಕಿಡ್ನಿ ಕ್ಯಾನ್ಸರ್: ಗಡ್ಡೆಯ ಅಳತೆ ಒಂದೇ ಸಾಲದು

ಅಪ್ಪನಿಗೆ ಕಿಡ್ನಿ ಕ್ಯಾನ್ಸರ್ ಅಂತ ಸುದ್ದಿ ಹರಡಿದ ಮೇಲೆ ಮನೆಗೆ ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು. "ಡಾಕ್ಟರು ಎಷ್ಟು ವರ್ಷ ಅಂದ್ರು?" ಅಪ್ಪನೂ ನನ್ನ ಹತ್ತಿರ ಅದನ್ನೇ ಕೇಳಿದ. ನಾವು ತೋರಿಸಿದ ಯಾವ ಡಾಕ್ಟರೂ ಇಷ್ಟೇ ಅಂತ ಹೇಳಲಿಲ್ಲ. ಆಗ ಸಿಟ್ಟು ಬರುತ್ತಿತ್ತು. ಈಗ ಅರ್ಥ ಆಗಿದೆ. ಗಡ್ಡೆ ಎಲ್ಲಿವರೆಗೆ ಹೋಗಿದೆ, ಯಾವ ಜಾತಿಯದು, ಅದರ ಜೀವಕೋಶ ಎಷ್ಟು ಕೆಟ್ಟಿವೆ, ರೋಗಿಯ ಮೈ ಎಷ್ಟು ಗಟ್ಟಿ ಇದೆ, ಉಳಿದ ಕಿಡ್ನಿ ಹೇಗಿದೆ, ಕೈಯಲ್ಲಿ ದುಡ್ಡು ಎಷ್ಟಿದೆ, ಇವೆಲ್ಲ ಸೇರಿ ಆಗೋ ಲೆಕ್ಕ ಅದು. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮ ಕೈಗೆ ಕೊಡೋ ರಿಪೋರ್ಟಿನಲ್ಲೇ ಬರೆದಿರುತ್ತದೆ. ನಮ್ಮ ಕಡೆ ಅದನ್ನು ಓದೋರು ಕಮ್ಮಿ, ಓದಿ ತಿಳಿಸಿ ಹೇಳೋರು ಇನ್ನೂ ಕಮ್ಮಿ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಗಂಗಾವತಿ ಹತ್ತಿರದ ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆ ನೀರು, ಭತ್ತದ ಗದ್ದೆ. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ, ತಮ್ಮ ಗದ್ದೆ ನೋಡಿಕೊಳ್ಳುತ್ತಾನೆ. ಅಪ್ಪನಿಗೆ ಅರವತ್ತು ದಾಟಿದೆ. ಹರೆಯದಿಂದ ಬೀಡಿ. ಬಿಪಿ ಇದೆ ಅಂತ ಗೊತ್ತಾಗಿ ಬಹಳ ವರ್ಷ ಆಗಿತ್ತು, ಮಾತ್ರೆ ನುಂಗುತ್ತಿದ್ದದ್ದು ಮಾತ್ರ ತಲೆ ಸುತ್ತಿದಾಗ. ಧೂಮಪಾನ, ಬಿಪಿ, ಬೊಜ್ಜು, ಈ ಮೂರೂ ಕಿಡ್ನಿ ಕ್ಯಾನ್ಸರಿನ ಅಪಾಯ ಹೆಚ್ಚಿಸುತ್ತವೆ. ಬೀಡಿ ಅಂದರೆ ಶ್ವಾಸಕೋಶ, ಗಂಟಲು ಅಂತ ಮಾತ್ರ ನಮಗೆ ಗೊತ್ತಿತ್ತು. ಕಿಡ್ನಿಗೂ ಬರುತ್ತೆ ಅಂತ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಾಗಿದ್ದೂ ಆಕಸ್ಮಿಕವಾಗಿ. ಉಂಡ ಮೇಲೆ ಹೊಟ್ಟೆ ಉಬ್ಬರ, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು. ಗ್ಯಾಸ್ ಅಂತ ಒಂದಿಷ್ಟು ದಿನ ಸೋಡಾ, ಜೀರಿಗೆ ಕಷಾಯ ಎಲ್ಲಾ ಆಯ್ತು. ಕೊನೆಗೆ ಗಂಗಾವತಿಯಲ್ಲಿ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದೆವು. ನೋವಿಗೆ ಕಾರಣ ಪಿತ್ತಕೋಶದ ಕಲ್ಲು. ಆದರೆ ಸ್ಕ್ಯಾನಿಂಗ್ ಡಾಕ್ಟರು ಅಪ್ಪನನ್ನು ಬಲಗಡೆ ತಿರುಗಿಸಿ ಮಲಗಿಸಿ, ಎಡಗಡೆ ಬಹಳ ಹೊತ್ತು ನೋಡಿದರು. ಕಲ್ಲು ಹುಡುಕಲು ಹೋದವರಿಗೆ ಎಡ ಕಿಡ್ನಿಯಲ್ಲಿ ಗಡ್ಡೆ ಸಿಕ್ಕಿತ್ತು.

"ಮೂತ್ರದಾಗ ರಕ್ತ ಹೋಗಿಲ್ಲ, ಸೊಂಟ ನೋವಿಲ್ಲ, ನನಗೇನಾಗೈತಿ?" ಅಂದ ಅಪ್ಪ. ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಮೂತ್ರದಲ್ಲಿ ರಕ್ತ, ಪಕ್ಕೆ ನೋವು, ಕೈಗೆ ಸಿಗೋ ಗಂಟು, ಈ ಮೂರೂ ಒಟ್ಟಿಗೆ ಇರೋದು ಈಗ ಹತ್ತರಲ್ಲಿ ಒಬ್ಬರಿಗೆ ಅಷ್ಟೇ, ಅದೂ ಸಾಮಾನ್ಯವಾಗಿ ರೋಗ ಬಲಿತ ಮೇಲೆ. ಇವತ್ತು ಅರ್ಧಕ್ಕಿಂತ ಹೆಚ್ಚು ಕಿಡ್ನಿ ಗಡ್ಡೆಗಳು ಬೇರೆ ಯಾವುದಕ್ಕೋ ಮಾಡಿಸಿದ ಸ್ಕ್ಯಾನಿಂಗಲ್ಲೇ ಸಿಗುವುದು. ಹಾಗೆ ಸಿಕ್ಕವರ ಗಡ್ಡೆ ಚಿಕ್ಕದಿರೋದು ಜಾಸ್ತಿ, ಅವರು ಹೆಚ್ಚು ಕಾಲ ಬದುಕೋದೂ ಜಾಸ್ತಿ. ಅಪ್ಪನ ಪಿತ್ತಕೋಶದ ಕಲ್ಲಿಗೆ ನಾನು ಇವತ್ತಿಗೂ ಋಣಿ.

ಮುಂದಿನದು ಡೈ ಕೊಟ್ಟು ತೆಗೆಯೋ ಸಿಟಿ ಸ್ಕ್ಯಾನ್. ಅದಕ್ಕೆ ಬಳ್ಳಾರಿಗೆ ಹೋದೆವು. ಡೈ ಕಿಡ್ನಿ ಮೇಲೆ ಭಾರ ಹಾಕುತ್ತದಲ್ವಾ, ಹಾಗಾಗಿ ಮೊದಲು ಕ್ರಿಯಾಟಿನಿನ್ ರಕ್ತ ಪರೀಕ್ಷೆ ಕೇಳುತ್ತಾರೆ, ಕಿಡ್ನಿ ಸೋತಷ್ಟೂ ಅದರ ಅಂಕಿ ಏರುತ್ತದೆ. ಅಪ್ಪನದು ಸರಿಯಾಗಿತ್ತು. ಸಿಟಿಯಲ್ಲಿ ಗಡ್ಡೆ 6.1 ಸೆಂಟಿಮೀಟರ್, ಕಿಡ್ನಿಯ ನಡುಭಾಗದಲ್ಲಿ, ರಕ್ತನಾಳ ಒಳಗೆ ಹೋಗೋ ಬಾಯಿಯ ಹತ್ತಿರ. ಡೈ ಹೋದಾಗ ಗಡ್ಡೆ ಬೆಳ್ಳಗೆ ಹೊಳೆಯುತ್ತೆ, ಅಂದರೆ ಅದಕ್ಕೆ ರಕ್ತ ಚೆನ್ನಾಗಿ ಹರಿಯುತ್ತಿದೆ ಅಂತ. ಅದನ್ನು ನೋಡಿಯೇ ಕ್ಯಾನ್ಸರ್ ಇರೋ ಸಾಧ್ಯತೆ ಬಹಳ ಅಂತ ಹೇಳಿಬಿಟ್ಟರು.

ಕಾಕಾ ಒಬ್ಬರು, ಸೂಜಿ ಹಾಕಿ ಗಡ್ಡೆಯ ಚೂರು ತೆಗೆಯೋ ಬಯಾಪ್ಸಿ ಮಾಡಿಸಬೇಡ್ರಿ, ಹರಡುತ್ತೆ ಅಂತ ಪಟ್ಟು ಹಿಡಿದಿದ್ದರು. ಹುಬ್ಬಳ್ಳಿಯ ಯುರಾಲಜಿ ಡಾಕ್ಟರ ಮುಂದೆ ಅದನ್ನೇ ಇಟ್ಟೆವು. ಸೂಜಿಯಿಂದ ಹರಡೋದು ತೀರಾ ಅಪರೂಪ, ಆ ಹೆದರಿಕೆ ಬೇಡ ಅಂದರು. ಆದರೆ ಅಪ್ಪನಿಗೆ ಬಯಾಪ್ಸಿ ಬೇಕಾಗಿರಲಿಲ್ಲ. ಇಂಥ ಗಡ್ಡೆಯನ್ನು ಹೇಗೂ ತೆಗೆಯಲೇಬೇಕು, ಸಿಟಿಯೇ ಸಾಕಷ್ಟು ಹೇಳುತ್ತದೆ. ಬೇರೆ ಕಡೆ ಹರಡಿದ್ದು ಮಾತ್ರೆಯಿಂದಲೇ ಚಿಕಿತ್ಸೆ ಶುರು ಮಾಡಬೇಕಾದವರಿಗೆ, ಅಥವಾ ಗಡ್ಡೆ ಯಾವುದು ಅಂತ ಸಿಟಿಯಲ್ಲಿ ಸ್ಪಷ್ಟ ಆಗದವರಿಗೆ ಬಯಾಪ್ಸಿ ಬೇಕಾಗುತ್ತದೆ.

ಆ ಡಾಕ್ಟರು ಸಿಟಿ ಕವರಿನ ಹಿಂದೆ ಪೆನ್ನಿನಲ್ಲಿ ಒಂದು ಕಿಡ್ನಿ ಬರೆದು ತೋರಿಸಿದರು. ಗಡ್ಡೆ ಕಿಡ್ನಿಯ ಒಳಗೇ ಇದ್ದು 7 ಸೆಂಟಿಮೀಟರ್ ಒಳಗಿದ್ದರೆ ಮೊದಲ ಸ್ಟೇಜ್. 7 ದಾಟಿದೆ, ಆದರೂ ಒಳಗೇ ಇದೆ ಅಂದರೆ ಎರಡು. ಕಿಡ್ನಿಯ ದೊಡ್ಡ ರಕ್ತನಾಳಕ್ಕೋ ಸುತ್ತಲ ಕೊಬ್ಬಿಗೋ ಹತ್ತಿರದ ಲಿಂಫ್ ಗಂಟಿಗೋ ಹೋಗಿದ್ದರೆ ಮೂರು. ಶ್ವಾಸಕೋಶ, ಮೂಳೆ, ಲಿವರ್, ಮಿದುಳಿಗೆ ಹೋಗಿದ್ದರೆ ನಾಲ್ಕು. ಅಮೆರಿಕದ ಲೆಕ್ಕದಲ್ಲಿ ಕಿಡ್ನಿಯೊಳಗೇ ಇದ್ದಾಗ ಸಿಕ್ಕವರಲ್ಲಿ ಐದು ವರ್ಷ ದಾಟೋರು ನೂರಕ್ಕೆ ಸುಮಾರು 93, ಅಕ್ಕಪಕ್ಕಕ್ಕೆ ಹೋಗಿದ್ದರೆ ಸುಮಾರು 75, ದೂರಕ್ಕೆ ಹರಡಿದ್ದರೆ ಸುಮಾರು 18. ಬದುಕಿನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಅಂಶ ಈ ಸ್ಟೇಜೇ. ಈ ಅಂಕಿ ಹಿಂದಿನ ವರ್ಷಗಳಲ್ಲಿ ಚಿಕಿತ್ಸೆ ಪಡೆದವರದ್ದು, ಇನ್ನೊಂದು ದೇಶದ್ದು ಅನ್ನೋದು ಮಾತ್ರ ನೆನಪಿರಲಿ.

ಸಿಟಿ ಪ್ರಕಾರ ಅಪ್ಪನದು ಮೊದಲ ಸ್ಟೇಜ್. ಮನೆಯಲ್ಲಿ ಎಲ್ಲರೂ ಉಸಿರು ಬಿಟ್ಟೆವು. "ಸಿಟಿ ಹೇಳೋದು ಅಂದಾಜು, ಖಾತ್ರಿ ಆಗೋದು ಗಡ್ಡೆ ಲ್ಯಾಬಿಗೆ ಹೋದ ಮೇಲೆ" ಅಂತ ಡಾಕ್ಟರು ಆಗಲೇ ಎಚ್ಚರಿಸಿದ್ದರು.

ಗಡ್ಡೆ ಮಾತ್ರ ತೆಗೆದು ಕಿಡ್ನಿ ಉಳಿಸೋಕೆ ಆಗಲ್ವಾ ಅಂತ ಕೇಳಿದೆ. 4 ಸೆಂಟಿಮೀಟರ್ ಒಳಗಿನ ಗಡ್ಡೆಗೆ ಅದೇ ಮೊದಲ ಆಯ್ಕೆ, 7ರ ತನಕವೂ ಜಾಗ ಸರಿಯಿದ್ದರೆ ಮಾಡುತ್ತಾರೆ. ಕ್ಯಾನ್ಸರ್ ಗುಣ ಆಗೋದರಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ, ಕಿಡ್ನಿಯ ಶಕ್ತಿ ಉಳಿಯುತ್ತದೆ. ಅಪ್ಪನ ಗಡ್ಡೆ ರಕ್ತನಾಳದ ಬಾಯಲ್ಲೇ ಕೂತಿತ್ತು. ಹಾಗಾಗಿ ಪೂರ್ತಿ ಕಿಡ್ನಿ ತೆಗೆಯಬೇಕಾಯ್ತು. ಬಲಗಡೆಯದು ಚೆನ್ನಾಗಿದೆ ಅನ್ನೋದೇ ಧೈರ್ಯ.

ದುಡ್ಡಿನ ವಿಷಯಕ್ಕೆ ಬರೋಣ. ನಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಎಪಿಎಲ್ ಆದರೆ ಪ್ಯಾಕೇಜ್ ದರದ ನೂರಕ್ಕೆ 30ರಷ್ಟು. ಕೊಪ್ಪಳದ ಜಿಲ್ಲಾಸ್ಪತ್ರೆಯಿಂದ ರೆಫರಲ್ ಚೀಟಿ ಮಾಡಿಸಿಕೊಂಡು ಹೋದೆವು. ಕಾರ್ಡಿನಲ್ಲಿ ಅಪ್ಪನ ಹೆಸರಿಗೂ ಆಧಾರಿನಲ್ಲಿರೋ ಹೆಸರಿಗೂ ಒಂದಕ್ಷರ ವ್ಯತ್ಯಾಸ ಇತ್ತು. ಅದನ್ನು ಸರಿ ಮಾಡಿಸೋ ಓಡಾಟದಲ್ಲಿ ತಮ್ಮ ಸೋತು ಹೋದ. ಆರೋಗ್ಯ ಚೆನ್ನಾಗಿರುವಾಗಲೇ ಕಾರ್ಡು, ಆಧಾರು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿಕೊಳ್ಳಿ, ದಯವಿಟ್ಟು.

ಆಪರೇಷನ್ ದಿನದ ಒಂದು ಗಳಿಗೆ ಮರೆಯೋಕಾಗಲ್ಲ. ಥಿಯೇಟರ್ ಬಾಗಿಲು ಅರ್ಧ ತೆಗೆದು ಸಿಸ್ಟರ್ ನಮ್ಮನ್ನು ಕರೆದರು. ಸ್ಟೀಲಿನ ಟ್ರೇಯಲ್ಲಿ ಅಪ್ಪನ ಕಿಡ್ನಿ. ಸುತ್ತ ಕೊಬ್ಬು ಹಾಗೇ ಇತ್ತು, ಅಂಗೈಗಿಂತ ದೊಡ್ಡದಾಗಿ ಕಾಣುತ್ತಿತ್ತು. ಡಾಕ್ಟರು ಅದನ್ನು ನಡುವೆ ಸೀಳಿ ಬಿಡಿಸಿದ್ದರು. ಒಳಗೆ ಗಡ್ಡೆ ಬಂಗಾರದ ಹಳದಿ ಬಣ್ಣಕ್ಕಿತ್ತು, ಅಲ್ಲಲ್ಲಿ ರಕ್ತದ ಕಲೆ. "ಈ ಹಳದಿ ನೋಡ್ರಿ, ಕ್ಲಿಯರ್ ಸೆಲ್ ಅನ್ನೋ ಜಾತಿ ಇರಬೇಕು, ಅದರ ಕೋಶದಾಗ ಕೊಬ್ಬು ತುಂಬಿರ್ತದ" ಅಂದರು. ಆಮೇಲೆ ಇಕ್ಕಳದಿಂದ ರಕ್ತನಾಳದ ಕತ್ತರಿಸಿದ ತುದಿ ಎತ್ತಿ ತೋರಿಸಿ, ಇಲ್ಲಿ ಕ್ಲೀನ್ ಕಾಣುತ್ತೆ, ಉಳಿದದ್ದು ಲ್ಯಾಬಿನವರು ಹೇಳಬೇಕು ಅಂದರು. ತಮ್ಮ ಗೋಡೆ ಹಿಡಿದು ಕೂತುಬಿಟ್ಟ. ನಾನು ನೋಡಿದೆ, ಪೂರ್ತಿ ನೋಡಿದೆ. ಎಷ್ಟು ವರ್ಷದಿಂದ ಅದು ಅಲ್ಲಿ ಸದ್ದಿಲ್ಲದೆ ಬೆಳೆದಿತ್ತೋ.

ರಿಪೋರ್ಟ್ ಬರೋವರೆಗಿನ ದಿನಗಳು ಹೇಗೋ ಕಳೆದವು. ಬಂದ ಮೇಲೆ ಮೊದಲು ಕಣ್ಣಿಗೆ ಬಿದ್ದದ್ದು ಕೊನೆಯ ಸಾಲು: ಪಿಟಿ 3ಎ. ಅಂದರೆ ಮೂರನೇ ಸ್ಟೇಜ್. ಸಿಟಿಯಲ್ಲಿ ಒಂದು ಅಂದಿದ್ದು ಇಲ್ಲಿ ಮೂರು ಯಾಕಾಯ್ತು? ಗಡ್ಡೆ ದೊಡ್ಡದಾಗಿರಲಿಲ್ಲ. ಕಿಡ್ನಿಯ ಒಳಗೆ, ರಕ್ತನಾಳದ ಬಾಯಿ ಸುತ್ತ ಒಂದಿಷ್ಟು ಕೊಬ್ಬು ಇರುತ್ತದೆ, ಅದಕ್ಕೆ ಕ್ಯಾನ್ಸರ್ ಕೋಶ ನುಸುಳಿದ್ದವು. ಸಿಟಿಯಲ್ಲಿ ಅದು ಎಷ್ಟೋ ಸಲ ಕಾಣೋದಿಲ್ಲ, ಮೈಕ್ರೋಸ್ಕೋಪಿನಲ್ಲೇ ಸಿಗಬೇಕು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಡಾಕ್ಟರು ಆ ರಿಪೋರ್ಟನ್ನು ಸಾಲು ಸಾಲಾಗಿ ಓದಿ ಹೇಳಿದರು. ನಾನು ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಕನ್ನಡದಲ್ಲಿ ಬರೆದುಕೊಂಡೆ. ಜಾತಿ: ಕ್ಲಿಯರ್ ಸೆಲ್. ದೊಡ್ಡವರ ಕಿಡ್ನಿ ಕ್ಯಾನ್ಸರಿನಲ್ಲಿ ಹತ್ತಕ್ಕೆ ಏಳೆಂಟು ಇದೇ. ಕ್ರೋಮೋಫೋಬ್ ಅಂತ ಇನ್ನೊಂದು ಜಾತಿ ಇದೆ, ಅದು ಸಾಮಾನ್ಯವಾಗಿ ಇದಕ್ಕಿಂತ ಸಾಧು. ಗ್ರೇಡ್, ಅಂದರೆ ಜೀವಕೋಶ ಎಷ್ಟು ಕೆಟ್ಟಿವೆ ಅನ್ನೋದು: ನಾಲ್ಕರಲ್ಲಿ ಮೂರು. ನೆಕ್ರೋಸಿಸ್, ಅಂದರೆ ಗಡ್ಡೆಯೊಳಗೆ ಸತ್ತ ಭಾಗ, ಇಲ್ಲ. ಸಾರ್ಕೊಮಟಾಯ್ಡ್ ಬದಲಾವಣೆ, ಅಂದರೆ ಕ್ಯಾನ್ಸರ್ ಕೋಶಗಳು ಕದಿರಿನ ಹಾಗೆ ಉದ್ದಕ್ಕೆ ಬದಲಾಗೋದು, ಇಲ್ಲ. ಈ ಎರಡು "ಇಲ್ಲ"ಗಳು ಬಹಳ ಒಳ್ಳೆಯ ಸುದ್ದಿ ಅಂತ ಡಾಕ್ಟರು ಎರಡೆರಡು ಸಲ ಹೇಳಿದರು, ಯಾಕಂದರೆ ಸಾರ್ಕೊಮಟಾಯ್ಡ್ ಇದ್ದರೆ ರೋಗ ಬಹಳ ಬೇಗ ಓಡುತ್ತದೆ. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಇಲ್ಲ. ಲಿಂಫ್ ಗಂಟು ಸಿಟಿಯಲ್ಲೂ ದೊಡ್ಡದಿರಲಿಲ್ಲ, ಆಪರೇಷನ್ನಿನಲ್ಲೂ ಕಾಣಲಿಲ್ಲ.

ಸ್ಟೇಜಿಗೂ ಗ್ರೇಡಿಗೂ ಏನು ವ್ಯತ್ಯಾಸ ಅಂತ ನಾನು ಅಪ್ಪನಿಗೆ ತಿಳಿಸೋಕೆ ಒದ್ದಾಡುತ್ತಿದ್ದೆ. ಅವನೇ ಹೇಳಿದ, "ಕಳೆ ಎಷ್ಟು ಗದ್ದಿಗೆ ಹಬ್ಬೈತಿ ಅನ್ನೋದು ಬ್ಯಾರೆ, ಎಂಥಾ ಕಳೆ ಅನ್ನೋದು ಬ್ಯಾರೆ. ಹೌದಿಲ್ಲ?" ಇದಕ್ಕಿಂತ ಚೆನ್ನಾಗಿ ನಾನು ಕ್ಲಾಸಿನಲ್ಲೂ ಹೇಳಲಾರೆ.

ಈ ಎಲ್ಲವನ್ನೂ ಕೂಡಿಸಿ ಅಂಕ ಹಾಕೋ ಪದ್ಧತಿಗಳಿವೆ. ಅಮೆರಿಕದ ಮೇಯೋ ಕ್ಲಿನಿಕ್‌ನವರು 2003ರಲ್ಲಿ ಪ್ರಕಟಿಸಿದ ಲೀಬೋವಿಚ್ ಸ್ಕೋರ್ ಅಂಥದ್ದೊಂದು. ಕ್ಲಿಯರ್ ಸೆಲ್ ಗಡ್ಡೆ ತೆಗೆದವರಿಗೆ ಇದು. ಸ್ಟೇಜ್, ಲಿಂಫ್ ಗಂಟು, ಗಡ್ಡೆಯ ಅಳತೆ 10 ಸೆಂಟಿಮೀಟರ್ ದಾಟಿದೆಯಾ, ಗ್ರೇಡ್, ನೆಕ್ರೋಸಿಸ್, ಐದಕ್ಕೂ ಅಂಕ ಕೂಡಿಸುತ್ತಾರೆ. ಅಪ್ಪನಿಗೆ ಐದು ಬಂತು, ಅಂದರೆ ಮಧ್ಯಮ ಅಪಾಯ. ನೆಕ್ರೋಸಿಸ್ ಒಂದು ಇದ್ದಿದ್ದರೆ ಆರಾಗಿ ಹೆಚ್ಚಿನ ಅಪಾಯದ ಗುಂಪಿಗೆ ಹೋಗುತ್ತಿದ್ದ. ಆ ಅಧ್ಯಯನದಲ್ಲಿ ಐದು ವರ್ಷದವರೆಗೆ ಬೇರೆ ಕಡೆ ಹರಡದೆ ಇದ್ದವರು ಕಡಿಮೆ ಅಪಾಯದ ಗುಂಪಿನಲ್ಲಿ ನೂರಕ್ಕೆ 97, ಮಧ್ಯಮದಲ್ಲಿ 74, ಹೆಚ್ಚಿನದರಲ್ಲಿ 31. ಅಪ್ಪನಿಗೆ 74 ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಉಳಿದ ಇಪ್ಪತ್ತಾರು ಮಂದಿ?" ಅಂದ. ಅದಕ್ಕೆ ನನ್ನ ಹತ್ತಿರ ಇದ್ದ ಉತ್ತರ ಒಂದೇ, ಅವರಲ್ಲಿ ನೀನು ಇದ್ದರೂ ಬೇಗ ಗೊತ್ತಾಗಬೇಕು, ಅದಕ್ಕೇ ಸ್ಕ್ಯಾನ್ ತಪ್ಪಿಸಬಾರದು ಅಂತ.

ನೆಂಟರಿಗೆಲ್ಲ ಇನ್ನೊಂದು ಪ್ರಶ್ನೆ, ಕೀಮೋ ಯಾವಾಗ? ಈ ಕ್ಯಾನ್ಸರಿಗೆ ಮಾಮೂಲಿ ಕೀಮೋ ಹೆಚ್ಚು ಕೆಲಸ ಮಾಡೋದಿಲ್ಲ. ಕೀಮೋ ಕೊಡಲಿಲ್ಲ ಅಂದರೆ ಡಾಕ್ಟರು ಕೈಬಿಟ್ಟರು ಅಂತಲ್ಲ. ನಮ್ಮ ಮನೆಗೆ ಬಂದ ಇಬ್ಬರು ಮೂವರು ಹಾಗೇ ತಿಳಿದು, ಇನ್ನೇನು ಮಾಡ್ತೀರಿ ಅಂತ ನಾಟಿ ಔಷಧಿಯ ವಿಳಾಸ ಕೊಟ್ಟು ಹೋದರು. ಒಂದೇ ಕಿಡ್ನಿ ಇರುವವರಿಗೆ ಏನಿದೆ ಅಂತ ಗೊತ್ತಿಲ್ಲದ ಪುಡಿ, ಕಷಾಯ ಕುಡಿಸೋದು ಎಷ್ಟು ಅಪಾಯ ಅಂತ ಅವರಿಗೆ ಹೇಳಿ ಹೇಳಿ ಸಾಕಾಯ್ತು.

ಅಪ್ಪನಂಥವರಿಗೆ ಆಪರೇಷನ್ ಆದ ಮೇಲೆ ಕೊಡಬಹುದಾದ ಔಷಧಿ ಒಂದಿದೆ, ಪೆಂಬ್ರೊಲಿಜುಮ್ಯಾಬ್. ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸೋ ಇಮ್ಯುನೊಥೆರಪಿ. ಮೂರು ವಾರಕ್ಕೊಮ್ಮೆ, ಸುಮಾರು ಒಂದು ವರ್ಷ. ಅಮೆರಿಕದಲ್ಲಿ ಈ ಬಳಕೆಗೆ 2021ರಲ್ಲಿ ಅನುಮತಿ ಸಿಕ್ಕಿತು. 2024ರಲ್ಲಿ ಬಂದ ಫಲಿತಾಂಶದ ಪ್ರಕಾರ ನಾಲ್ಕು ವರ್ಷದ ಹೊತ್ತಿಗೆ ಇದನ್ನು ಪಡೆದವರಲ್ಲಿ ನೂರಕ್ಕೆ 91 ಮಂದಿ, ಪಡೆಯದವರಲ್ಲಿ 86 ಮಂದಿ ಬದುಕಿದ್ದರು. ಡಾಕ್ಟರು ಮುಚ್ಚಿಡದೆ ಹೇಳಿದರು. ಉಪಯೋಗ ಇದೆ. ಅಡ್ಡಪರಿಣಾಮ ಇದೆ, ಥೈರಾಯ್ಡ್ ಕೆಡಬಹುದು, ಲಿವರ್, ಕರುಳು, ಶ್ವಾಸಕೋಶ ಉರಿಯೂತ ಆಗಬಹುದು. ಒಟ್ಟು ಖರ್ಚು ಎಷ್ಟೋ ಲಕ್ಷಗಳ ಮಾತು.

ಆ ರಾತ್ರಿ ಅವ್ವ ಗದ್ದೆ ಮಾರೋಣ ಅಂದಳು. ಅಪ್ಪ ಎದ್ದು ಕೂತ. "ನಾನು ಹ್ವಾದ ಮ್ಯಾಲ ನೀವು ಉಣ್ಣೋದೇನು?" ಆ ಮಾತಿಗೆ ಯಾರೂ ಎದುರಾಡಲಿಲ್ಲ. ಔಷಧಿ ಕೊಡಿಸಲಿಲ್ಲ. ಹತ್ತಿರದಿಂದ ಗಮನಿಸುತ್ತಾ ಹೋಗೋದು ಅಂತ ತೀರ್ಮಾನ ಆಯ್ತು. ನೂರರಲ್ಲಿ ಐದು ಜೀವ ಅನ್ನೋದು ಸಣ್ಣ ಮಾತಲ್ಲ, ಅದು ನನಗೆ ಗೊತ್ತು. ಬದುಕುಳಿಯೋದಕ್ಕೆ ಏನೇನು ಕಾರಣ ಅಂತ ಪಟ್ಟಿ ಮಾಡುವಾಗ ಗದ್ದೆ ಎಷ್ಟು ಎಕರೆ ಅನ್ನೋದೂ ಅದರಲ್ಲಿ ಬರಬಾರದು. ಈ ಔಷಧಿಗಳು ಬಡವರ ಕಾರ್ಡಿಗೂ ಸಿಗೋ ಹಾಗೆ ಆಗಬೇಕು ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಸಿಟಿ ಸ್ಕ್ಯಾನ್ ಕೋಣೆಯ ಹೊರಗೆ ಪರಿಚಯ ಆದವರು ಒಬ್ಬರಿದ್ದಾರೆ, ಲಿಂಗಸೂಗೂರು ಕಡೆಯವರು. ಅವರಿಗೆ ಗೊತ್ತಾಗುವ ಹೊತ್ತಿಗೇ ಶ್ವಾಸಕೋಶಕ್ಕೆ ಹೋಗಿತ್ತು. ಅವರ ಮಗನೂ ನಾನೂ ಈಗಲೂ ಫೋನಿನಲ್ಲಿ ಮಾತಾಡುತ್ತೇವೆ. ಹರಡಿದವರಿಗೆ ಲೆಕ್ಕ ಬೇರೆ. ಅಲ್ಲಿ ನೋಡೋದು ಆರು ವಿಷಯ. ತನ್ನ ಕೆಲಸ ತಾನು ಮಾಡಿಕೊಳ್ಳುವಷ್ಟು ಶಕ್ತಿ ಇದೆಯಾ, ರೋಗ ಗೊತ್ತಾಗಿ ಒಂದು ವರ್ಷದೊಳಗೇ ಔಷಧಿ ಶುರು ಮಾಡಬೇಕಾಯ್ತಾ, ಹಿಮೋಗ್ಲೋಬಿನ್ ಕಮ್ಮಿ ಇದೆಯಾ, ಕ್ಯಾಲ್ಸಿಯಂ ಜಾಸ್ತಿ ಇದೆಯಾ, ಬಿಳಿ ರಕ್ತಕಣದಲ್ಲಿ ನ್ಯೂಟ್ರೋಫಿಲ್ ಜಾಸ್ತಿಯಾ, ಪ್ಲೇಟ್ಲೆಟ್ ಜಾಸ್ತಿಯಾ. ನಾಲ್ಕು ಬರೀ ರಕ್ತ ಪರೀಕ್ಷೆ, ತಾಲ್ಲೂಕು ಊರಿನ ಲ್ಯಾಬಿನಲ್ಲೂ ಆಗುವಂಥವು. 2009ರಲ್ಲಿ ಈ ಪದ್ಧತಿ ಪ್ರಕಟವಾದಾಗ ಆರರಲ್ಲಿ ಒಂದೂ ತೊಂದರೆ ಇಲ್ಲದವರಲ್ಲಿ ಎರಡು ವರ್ಷ ದಾಟಿದವರು ನೂರಕ್ಕೆ 75, ಒಂದೋ ಎರಡೋ ಇದ್ದವರಲ್ಲಿ 53, ಮೂರೋ ಹೆಚ್ಚೋ ಇದ್ದವರಲ್ಲಿ 7. ಆಮೇಲೆ ಇಮ್ಯುನೊಥೆರಪಿ ಬಂದು ಪರಿಸ್ಥಿತಿ ಸುಧಾರಿಸಿದೆ. ಲಿಂಗಸೂಗೂರಿನವರಿಗೆ ಎರಡಿದ್ದವು. ಅವರಿಗೆ ಕೊಟ್ಟದ್ದು ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯೋ ಪಜೋಪನಿಬ್ ಮಾತ್ರೆ, ಖಾಲಿ ಹೊಟ್ಟೆಯಲ್ಲಿ. ಆ ಮಾತ್ರೆಗೆ ಕೂದಲು ಬೆಳ್ಳಗಾಗುತ್ತದೆ, ಅವರ ಗಿರಿಜಾ ಮೀಸೆ ಪೂರ್ತಿ ಹತ್ತಿ ಬಣ್ಣಕ್ಕೆ ತಿರುಗಿದೆ. ನಾಲ್ಕನೇ ಸ್ಟೇಜ್ ಅಂದ ಕೂಡಲೇ ಮುಗೀತು ಅಂತ ಊರವರು ತೀರ್ಪು ಕೊಟ್ಟಿದ್ದರು. ಅವರು ಕಳೆದ ಜಾತ್ರೆಗೆ ತೇರು ಎಳೆದಿದ್ದಾರೆ.

ಅಪ್ಪನ ವಿಷಯಕ್ಕೆ ವಾಪಸ್ ಬಂದರೆ, ಆಪರೇಷನ್ ಆದ ಮೇಲೆ ನಮ್ಮ ಕೈಯಲ್ಲಿ ಉಳಿದದ್ದು ಎರಡು ಕೆಲಸ. ಒಂದು, ಇರೋ ಒಂದು ಕಿಡ್ನಿಯನ್ನು ಕಾಪಾಡೋದು. ಕ್ರಿಯಾಟಿನಿನ್ 1.4ಕ್ಕೆ ಏರಿತು, ಅಲ್ಲೇ ನಿಂತಿದೆ. ಕಿಡ್ನಿ ಸೋತರೆ ಹೃದಯಕ್ಕೂ ತೊಂದರೆ. ಕ್ಯಾನ್ಸರ್ ಗೆದ್ದವರು ಹೃದಯಾಘಾತಕ್ಕೆ ಹೋಗೋದು ಉಂಟು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋರೇ ಇಲ್ಲ. ಬಿಪಿ ಮಾತ್ರೆ ಈಗ ದಿನಾ. ಬೀಡಿ ಆಪರೇಷನ್ ದಿನದಿಂದ ಬಂದ್. ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ತಾನೇ ತಂದು ನುಂಗುತ್ತಿದ್ದ ಡೈಕ್ಲೋಫಿನಾಕ್ ಪೂರ್ತಿ ನಿಂತಿದೆ. ನಾಟಿ ಕಾಲದಲ್ಲಿ ದಿನಕ್ಕೊಂದು ಅದು ಬೇಕೇ ಬೇಕಿತ್ತು. ನಮ್ಮ ಭಾಗದಲ್ಲಿ ಹೊಲದ ಕೆಲಸ ಮಾಡೋ ಎಷ್ಟೋ ಮಂದಿ ಹೀಗೇ ನೋವಿನ ಮಾತ್ರೆ ಮೇಲೇ ಬದುಕುತ್ತಾರೆ, ಕಿಡ್ನಿಗೆ ಅದು ಏನು ಮಾಡುತ್ತೆ ಅಂತ ಕೇಳೋರಿಲ್ಲ.

ಇನ್ನೊಂದು, ಸ್ಕ್ಯಾನ್ ತಪ್ಪಿಸದಿರೋದು. ಮೊದಲು ಆರು ತಿಂಗಳಿಗೊಮ್ಮೆ ಹೊಟ್ಟೆ ಮತ್ತು ಎದೆ ಎರಡರ ಸಿಟಿ. ಹೊಟ್ಟೆಯದು ಮಾತ್ರ ಸಾಕು ಅಂತ ಖರ್ಚು ಉಳಿಸೋಕೆ ಹೋಗಬೇಡಿ, ಈ ರೋಗ ಮರಳಿ ಬಂದರೆ ಹೆಚ್ಚಾಗಿ ಕಾಣಿಸಿಕೊಳ್ಳೋದು ಶ್ವಾಸಕೋಶದಲ್ಲಿ. ಬರೋದಾದರೆ ಮೊದಲ ಮೂರು ವರ್ಷದಲ್ಲೇ ಜಾಸ್ತಿ, ಆದರೆ ಐದು, ಹತ್ತು ವರ್ಷ ಆದ ಮೇಲೆ ಬಂದವರೂ ಇದ್ದಾರೆ. ಒಂದೇ ಜಾಗದಲ್ಲಿ ಸಣ್ಣದಾಗಿ ಸಿಕ್ಕರೆ ಅದನ್ನೂ ಆಪರೇಷನ್ ಮಾಡಿ ತೆಗೆಯೋ ಅವಕಾಶ ಇರುತ್ತದೆ. ಸ್ಕ್ಯಾನ್ ಹತ್ತಿರ ಬಂದಾಗ ಅಪ್ಪ ಊಟ ಕಮ್ಮಿ ಮಾಡುತ್ತಾನೆ, ಅವ್ವ ಹುಲಿಗೆಮ್ಮನಿಗೆ ಹರಕೆ ಹೊರುತ್ತಾಳೆ, ನಾನು ಫೈಲು ಜೋಡಿಸುತ್ತೇನೆ. ಹಳೇ ಸಿಟಿಯ ಸಿಡಿಗಳನ್ನೂ ಒಯ್ಯುತ್ತೇವೆ, ಚುಕ್ಕೆ ಹೊಸದಾ ಹಳೇದಾ ಅಂತ ಹೋಲಿಸಿ ನೋಡೋಕೆ ಅದು ಬೇಕು. ಕಳೆದ ಸಲ ಬಲ ಶ್ವಾಸಕೋಶದಲ್ಲಿ 3 ಮಿಲಿಮೀಟರಿನ ಚುಕ್ಕೆ ಅಂತ ಬರೆದಿದ್ದರು. ಎಲ್ಲರ ಜೀವ ಬಾಯಿಗೆ ಬಂತು. ಆಪರೇಷನ್ನಿಗೆ ಮುಂಚಿನ ಸಿಡಿ ಹಾಕಿ ನೋಡಿದರೆ ಆಗಲೂ ಅದೇ ಜಾಗದಲ್ಲಿ ಅಷ್ಟೇ ಇತ್ತು, ಬೆಳೆದಿಲ್ಲ.

ನಿಮ್ಮ ಮನೆಯಲ್ಲೂ ಯಾರಿಗಾದರೂ ಇದು ಬಂದಿದ್ದರೆ ತೆಗೆದ ಗಡ್ಡೆಯ ಲ್ಯಾಬ್ ರಿಪೋರ್ಟಿನ (ಇದನ್ನೂ ಬಯಾಪ್ಸಿ ರಿಪೋರ್ಟ್ ಅಂತಲೇ ಕರೆಯುತ್ತಾರೆ) ಪೂರ್ತಿ ಪ್ರತಿ ಕೇಳಿ ಇಸ್ಕೊಳ್ಳಿ, ಡಿಸ್ಚಾರ್ಜ್ ಚೀಟಿಯಲ್ಲಿ ಬರೆದ ಒಂದು ಸಾಲು ಸಾಲದು. ಯಾವ ಜಾತಿ, ಸ್ಟೇಜ್ ಎಷ್ಟು, ಗ್ರೇಡ್ ಎಷ್ಟು, ನೆಕ್ರೋಸಿಸ್ ಮತ್ತು ಸಾರ್ಕೊಮಟಾಯ್ಡ್ ಇದೆಯಾ, ಅಂಚು ಕ್ಲೀನ್ ಇದೆಯಾ ಅಂತ ಡಾಕ್ಟರ ಬಾಯಿಂದಲೇ ಕೇಳಿ, ಬರೆದಿಟ್ಟುಕೊಳ್ಳಿ. ಎರಡನೇ ಅಭಿಪ್ರಾಯ ಬೇಕಾದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ಅದರ ಶಾಖೆ ಕಲಬುರಗಿಯಲ್ಲೂ ಇದೆ. ಹೋಗುವಾಗ ಲ್ಯಾಬಿನಿಂದ ಗಡ್ಡೆಯ ಚೂರು ಇಟ್ಟ ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕ್ ಕೂಡ ತೆಗೆದುಕೊಂಡು ಹೋಗಿ, ಬರೀ ಕಾಗದ ನೋಡಿ ಅವರು ಹೆಚ್ಚು ಹೇಳೋಕಾಗಲ್ಲ.

ಅಪ್ಪನ ಮುಂದಿನ ಸಿಟಿ ಹಿಂಗಾರು ಭತ್ತ ಕೊಯ್ಲಾದ ಮೇಲೆ. ಕೊಯ್ಲು ಮುಗಿಯದೆ ಇದ್ದರೆ ಒಂದು ವಾರ ಮುಂದೆ ಹಾಕೋಣ ಅಂತ ಈಗಲೇ ರಾಗ ತೆಗೆದಿದ್ದಾನೆ, ನಾನು ಒಪ್ಪಿಲ್ಲ.